ದಂಡಿನ ಕರೆಂಟು, ಖಾಸಗಿ ಕೈ



ಪುಣೆಯ ಕನ್ನಡಿಗರ ಈ ಉಪನ್ಯಾಸದ ದತ್ತಿಪತ್ರದಲ್ಲಿ ‘ಸಾರ್ವಜನಿಕ ಸೇವೆಗೆ ಸಂಬಂಧಪಟ್ಟ ಯಾವುದಾದರೊಂದು ವಿಷಯ’ ಎಂದಷ್ಟೇ ಇದೆ. ಆ ಸಲಿಗೆಯನ್ನು ಪೂರ್ತಿ ಬಳಸಿಕೊಂಡು, ಇಂಥ ಸಭೆಗಳಲ್ಲಿ ಸಾಮಾನ್ಯವಾಗಿ ಯಾರೂ ಎತ್ತದ ವಿಷಯವೊಂದನ್ನು ತಂದಿದ್ದೇನೆ. ಸೈನ್ಯದ ಆವರಣದೊಳಗೆ ಇರುವ ವಿದ್ಯುತ್ ವ್ಯವಸ್ಥೆಯನ್ನು, ಅಂದರೆ ಸಬ್‌ಸ್ಟೇಷನ್ನು, ಕೇಬಲ್ಲು, ಕಂಬ, ಮೀಟರು ಮತ್ತು ಅವನ್ನು ನೋಡಿಕೊಳ್ಳುವ ಕೆಲಸವನ್ನು ಖಾಸಗಿಯವರಿಗೆ ವಹಿಸಬಹುದೇ?

ಇಲ್ಲಿನ ಸ್ವಾರಗೇಟಿನವರಿಗೆ ಇದು ದೂರದ ಪ್ರಶ್ನೆಯಲ್ಲ. ಎಸ್.ಟಿ. ಸ್ಟ್ಯಾಂಡಿನಿಂದ ಶಂಕರಶೇಟ್ ರಸ್ತೆ ಹಿಡಿದು ಹೊರಟರೆ ಸ್ವಲ್ಪ ಹೊತ್ತಿಗೆ ಗೋಲಿಬಾರ್ ಮೈದಾನ ಸಿಗುತ್ತದೆ. ಅಲ್ಲಿಗೆ ಪೇಟೆಯ ಪುಣೆ ಹಿಂದುಳಿದು ಲಷ್ಕರು ಶುರುವಾಗುತ್ತದೆ. 1817ರಲ್ಲಿ, ಪೇಶ್ವೆಯ ಸೈನ್ಯ ಖಡಕಿಯಲ್ಲಿ ಸೋತ ಬೆನ್ನಿಗೆ, ಹುಟ್ಟಿದ ದಂಡು ಅದು. ಈಗ ಭೂಸೇನೆಯ ದಕ್ಷಿಣ ಕಮಾಂಡಿನ ಕೇಂದ್ರ. ಈಚೆ ಕಡೆ ನಮಗೆಲ್ಲ ರಾಜ್ಯದ ವಿತರಣಾ ಕಂಪನಿ ಮಹಾವಿತರಣದ ಬಿಲ್ಲು ಬರುತ್ತದೆ, ಕರೆಂಟು ಹೋದರೆ ಯಾರನ್ನು ಬಯ್ಯಬೇಕು ಅನ್ನುವುದೂ ಗೊತ್ತಿದೆ. ಆಚೆ, ಸೈನಿಕ ಪ್ರದೇಶದೊಳಗೆ, ಲೆಕ್ಕವೇ ಬೇರೆ.

ಅದು ಹೀಗೆ. ಊರಿನ ವಿತರಣಾ ಕಂಪನಿ ಸೈನ್ಯಕ್ಕೆ ಹೈಟೆನ್ಷನ್ ಮಟ್ಟದಲ್ಲಿ ಒಂದೆಡೆ ವಿದ್ಯುತ್ತು ತಂದುಕೊಡುತ್ತದೆ. ಅಲ್ಲೊಂದು ಮೀಟರು, ತಿಂಗಳಿಗೊಂದು ಬಿಲ್ಲು. ಆ ಮೀಟರಿನಾಚೆಗೆ ಇರುವುದೆಲ್ಲ ಮಿಲಿಟರಿ ಎಂಜಿನಿಯರ್ ಸರ್ವೀಸಸ್‌ನದು. ಎಲ್ಲರ ಬಾಯಲ್ಲಿ ಎಂ.ಇ.ಎಸ್. 1923ರಲ್ಲಿ ಈ ರೂಪ ಪಡೆದ ಇಲಾಖೆ. ಎಂಜಿನಿಯರ್-ಇನ್-ಚೀಫ್ ಇದಕ್ಕೆ ಮುಖ್ಯಸ್ಥರು. ನೆಲಮಟ್ಟದಲ್ಲಿ ಗ್ಯಾರಿಸನ್ ಎಂಜಿನಿಯರ್, ಅಂದರೆ ಜಿ.ಇ. ಆಫೀಸರುಗಳ ಬಂಗಲೆ, ಜವಾನರ ಕ್ವಾರ್ಟರ್ಸು, ಆಸ್ಪತ್ರೆಯ ಆಪರೇಷನ್ ಥಿಯೇಟರು, ನೀರಿನ ಪಂಪು, ರಾಡಾರು, ಬೀದಿದೀಪ, ಎಲ್ಲಕ್ಕೂ ಕರೆಂಟು ಹಂಚುವವರು ಇವರೇ. ಮನೆಗಳ ಮೀಟರು ಓದಿ ಬಿಲ್ಲು ಹಾಕುವವರೂ ಇವರೇ.

ಇಂಥದೊಂದು ಸಬ್‌ಸ್ಟೇಷನ್ ಕೋಣೆ ಹೇಗಿರುತ್ತದೆ ಎಂದು ನಿಮ್ಮಲ್ಲಿ ಅಲ್ಲಿ ದುಡಿದವರಿಗೆ ಹೇಳಬೇಕಿಲ್ಲ; ಉಳಿದವರಿಗಾಗಿ ಹೇಳುತ್ತೇನೆ. ಹಳದಿ ಸುಣ್ಣದ ಗೋಡೆ. ಒಳಗೆ ಕಾಲಿಟ್ಟರೆ ಪ್ಯಾನೆಲ್ಲಿನ ಮುಂದೆ ಕಪ್ಪು ರಬ್ಬರ್ ಮ್ಯಾಟು, ಮೂಲೆಯಲ್ಲಿ ಮರಳಿನ ಕೆಂಪು ಬಕೆಟ್ಟುಗಳು, ಗೋಡೆಗೆ ಷಾಕ್ ಹೊಡೆದವನಿಗೆ ಉಸಿರು ಕೊಡುವ ಚಿತ್ರಪಟ. ಮೇಜಿನ ಮೇಲೆ ಲಾಗ್ ಪುಸ್ತಕ. ಗಂಟೆಗೊಮ್ಮೆ ವೋಲ್ಟೇಜು, ಆಂಪಿಯರು ಬರೆದ ಕೈಬರಹದ ಸಾಲುಗಳು. ರಾತ್ರಿ ಪಾಳಿಯವನು ಮೂರು ಗಂಟೆಯದನ್ನೂ ನಾಲ್ಕು ಗಂಟೆಯದನ್ನೂ ಒಟ್ಟಿಗೆ ಬರೆದಿರುತ್ತಾನೆ, ಅಂಕಿಗಳ ಶಿಸ್ತು ನೋಡಿದರೆ ಗೊತ್ತಾಗುತ್ತದೆ. ಪಕ್ಕದ ಶೆಡ್ಡಿನಲ್ಲಿ ಡೀಸೆಲ್ ಜನರೇಟರು. ಹೊರಗೆ ಸೈಕಲ್ಲಿಗೆ ಏಣಿ ಒರಗಿಸಿಕೊಂಡು ನಿಂತ ಎಲೆಕ್ಟ್ರಿಷಿಯನ್, ಅವನ ಜೊತೆಗೊಬ್ಬ ‘ಮೇಟ್’. ಯಾವ ಕೇಬಲ್ಲು ಯಾವ ಮರದ ಬೇರಿನಡಿ ಹೋಗಿದೆ, ಯಾವ ಜಾಯಿಂಟು ಮೊದಲ ಮಳೆಗೆ ಕೈಕೊಡುತ್ತದೆ ಎಂಬುದು ಡ್ರಾಯಿಂಗಿನಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಇವರಿಬ್ಬರ ತಲೆಯಲ್ಲಿರುತ್ತದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ; ನನ್ನ ಇಡೀ ವಾದ ಈ ಇಬ್ಬರ ಮೇಲೆಯೇ ನಿಂತಿದೆ.

ನಮ್ಮ ನಾಡಿನ ವಿದ್ಯುತ್ತಿನ ಚರಿತ್ರೆಯಲ್ಲೇ ದಂಡು ಮತ್ತು ಕರೆಂಟಿನ ನಂಟು ಹಳೆಯದು. ಶಿವನಸಮುದ್ರದ ಯೋಜನೆ ದಿವಾನ್ ಶೇಷಾದ್ರಿ ಅಯ್ಯರರ ಹೆಸರಿನಲ್ಲಿ ನಮಗೆ ನೆನಪಿದೆ, ಸರಿಯಾಗಿಯೇ. ಆದರೆ ಅದರ ನಕ್ಷೆ ಹಿಡಿದು ಯುರೋಪು, ಅಮೆರಿಕ ಸುತ್ತಿ ಬಂದವರು ರಾಯಲ್ ಎಂಜಿನಿಯರ್ಸ್‌ನ ಸೇನಾಧಿಕಾರಿ ಜೋಲಿ ದ ಲಾಟ್‌ಬಿನಿಯೇರ್, ಕೆನಡಾದವರು. 1902ರ ಜೂನ್ ಕೊನೆಗೆ ಅಲ್ಲಿಂದ 92 ಮೈಲಿ ದೂರದ ಕೋಲಾರದ ಗಣಿಗೆ ಕರೆಂಟು ಹರಿಯಿತು. 1905ರಲ್ಲಿ ಬೆಂಗಳೂರು ಪೇಟೆಯ ಬೀದಿದೀಪ ಹತ್ತಿತು, ಆಮೇಲೆ ದಂಡಿನ ಪ್ರದೇಶಕ್ಕೂ ಹೋಯಿತು. ಬ್ರಿಟಿಷರ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ನಿಗೆ ಮೈಸೂರು ಸರ್ಕಾರ ವಿದ್ಯುತ್ತು ಕೊಟ್ಟದ್ದು. ಅಂದರೆ ಸೈನ್ಯ ತನ್ನ ಕರೆಂಟನ್ನು ಹೊರಗಿನವರಿಂದ ಕೊಳ್ಳುವುದು ಹೊಸದೇನಲ್ಲ, ಅದರಲ್ಲಿ ಅವಮಾನವೂ ಇಲ್ಲ. ಕೊಳ್ಳುವುದು ಒಂದು, ಒಳಗಿನ ತಂತಿಯನ್ನೇ ಬಿಟ್ಟುಕೊಡುವುದು ಇನ್ನೊಂದು. ಚರ್ಚೆಯಲ್ಲಿ ಈ ಎರಡನ್ನೂ ಕಲಸಿಬಿಡುತ್ತಾರೆ.

ತಂತಿಯನ್ನೇ ಬಿಟ್ಟುಕೊಟ್ಟ ದೇಶ ಅಮೆರಿಕ. ಅಲ್ಲಿ 1990ರ ದಶಕದ ಕೊನೆಯಲ್ಲಿ ಕಾನೂನು ತಿದ್ದಿ, ಸೇನಾನೆಲೆಗಳ ವಿದ್ಯುತ್ತು, ನೀರು, ಗ್ಯಾಸು, ಚರಂಡಿ ವ್ಯವಸ್ಥೆಗಳನ್ನು ಹೊರಗಿನವರಿಗೆ ಮಾರಲು ಅವಕಾಶ ಮಾಡಿದರು. ಹಳೆಯ ಜಾಲಗಳು ದುರಸ್ತಿಯಿಲ್ಲದೆ ಹಾಳಾಗಿದ್ದವು. ಸೈನ್ಯದ ಬಜೆಟ್ಟಿನಲ್ಲಿ ಬಂದೂಕಿಗೆ ಹಣ ಸಿಗುತ್ತಿತ್ತು, ಟ್ರಾನ್ಸ್‌ಫಾರ್ಮರಿಗೆ ಸಿಗುತ್ತಿರಲಿಲ್ಲ. ‘ನೀವೇ ಜಾಲ ಕೊಂಡುಕೊಳ್ಳಿ, ನೀವೇ ಹೊಸದು ಹಾಕಿ, ನಾವು ತಿಂಗಳು ತಿಂಗಳು ಕಟ್ಟುತ್ತೇವೆ’ ಎಂಬುದು ಒಪ್ಪಂದ. ಅವಧಿ 50 ವರ್ಷದವರೆಗೆ. ಭದ್ರತೆಯ ಕಾರಣ ಕೊಟ್ಟು ಯಾವುದಾದರೂ ನೆಲೆಯನ್ನು ಹೊರಗಿಡಲೂ ಕಾನೂನಿನಲ್ಲೇ ದಾರಿಯಿತ್ತು. ಆದರೆ 2005ರಲ್ಲಿ ಅವರ ಸಂಸತ್ತಿನದೇ ಲೆಕ್ಕಪರಿಶೋಧನಾ ಕಚೇರಿ ಇದನ್ನು ನೋಡಿ, ಉಳಿತಾಯದ ಲೆಕ್ಕಗಳನ್ನು ನಂಬುವಂತಿಲ್ಲ, ಸೇನೆಯ ಖರ್ಚು ಇಳಿಯುವ ಬದಲು ಏರಬಹುದು ಎಂದಿತು. ಇದರಲ್ಲಿ ಆಶ್ಚರ್ಯವಿಲ್ಲ. ಕೊಂಡವನು ಕೊಟ್ಟ ಬೆಲೆಯನ್ನು ಮುಂದಿನ ಬಿಲ್ಲಿನಲ್ಲೇ ವಸೂಲಿ ಮಾಡುತ್ತಾನೆ, ಮೇಲೆ ತನ್ನ ಲಾಭ.

ಆ ದೇಶದ ಒಂದು ಉದಾಹರಣೆ ನನಗೆ ಇಷ್ಟ. ಕೆಂಟುಕಿಯ ಫೋರ್ಟ್ ನಾಕ್ಸ್, ಅಮೆರಿಕದ ಚಿನ್ನದ ಖಜಾನೆ ಇರುವ ಜಾಗ. ಅಲ್ಲಿನ ವಿದ್ಯುತ್ ಜಾಲ ಹೋದದ್ದು ದೊಡ್ಡ ಕಂಪನಿಗಲ್ಲ, ನೋಲಿನ್ ಎಂಬ ಗ್ರಾಮೀಣ ವಿದ್ಯುತ್ ಸಹಕಾರ ಸಂಘಕ್ಕೆ. ಅಂದರೆ ಸುತ್ತಲ ರೈತರು, ಸಣ್ಣ ಊರಿನವರು ಸದಸ್ಯರಾಗಿರುವ ಸಂಘಕ್ಕೆ. 2009ರ ಜನವರಿಯಲ್ಲಿ ಹಿಮದ ಮಳೆ ಬಿದ್ದು ಕೆಂಟುಕಿಯ ತಂತಿಗಳೆಲ್ಲ ಹರಿದವು. ನೆಲೆ ಹಲವು ದಿನ ಕತ್ತಲಲ್ಲಿತ್ತು. ಆಮೇಲೆ ಅವರು ತಮ್ಮದೇ ನೆಲದ ಅನಿಲದಿಂದ ಒಳಗೇ ವಿದ್ಯುತ್ತು ಮಾಡಿಕೊಳ್ಳುವ ಏರ್ಪಾಡಿಗೆ ಹೊರಟರು, ಹೊರಗಿನ ಗ್ರಿಡ್ಡು ಬಿದ್ದರೂ ನೆಲೆ ನಿಲ್ಲಲಿ ಎಂದು. ತಂತಿ ಯಾರದೇ ಇರಲಿ, ಬಿರುಗಾಳಿಗೆ ಮಾಲೀಕನ ಹೆಸರು ಗೊತ್ತಿರುವುದಿಲ್ಲ.

ಸಹಕಾರ ಸಂಘ ಅಂದಾಗ ನಿಮಗೂ ನೆನಪಾಗಿರಬೇಕು. ಸ್ವಾರಗೇಟಿನಿಂದ ಬೆಳಗಾವಿ ಬಸ್ಸು ಹತ್ತಿದರೆ ನಿಪ್ಪಾಣಿ ದಾಟಿ ಸಂಕೇಶ್ವರ ಬರುತ್ತದಲ್ಲ, ಅದು ಹುಕ್ಕೇರಿ ತಾಲೂಕು. ಅಲ್ಲಿ 1969ರಿಂದ ಗ್ರಾಮೀಣ ವಿದ್ಯುತ್ ಸಹಕಾರ ಸಂಘವೇ ಕರೆಂಟು ಹಂಚುತ್ತಿದೆ. ಕರ್ನಾಟಕದಲ್ಲಿ ಇಂಥದ್ದು ಅದೊಂದೇ. ಅದೇ ಜಿಲ್ಲೆಯ ಬೆಳಗಾವಿಯಲ್ಲಿ ರಾಜ್ಯದ ಏಕೈಕ ಕಂಟೋನ್ಮೆಂಟು, ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರ. ಖಾಸಗೀಕರಣ ಅಂದಕೂಡಲೇ ಮುಂಬಯಿ, ಅಹಮದಾಬಾದಿನ ಒಂದೆರಡು ಉದ್ಯಮಪತಿಗಳ ಹೆಸರು ನಮ್ಮ ನಾಲಿಗೆಗೆ ಬರುತ್ತದೆ. ಹುಕ್ಕೇರಿಯಂಥ ಸಂಘ ಬೆಳಗಾವಿ ದಂಡಿನ ಜಾಲ ನೋಡಿಕೊಂಡರೆ ಹೇಗೆ ಎಂದು ಯಾರೂ ಕೇಳುವುದಿಲ್ಲ. ಸಹಕಾರವೆಂದರೆ ಎಲ್ಲ ಚೆನ್ನ ಎಂದು ನಾನು ಹೇಳುತ್ತಿಲ್ಲ. ಇದೇ ಮಹಾರಾಷ್ಟ್ರದಲ್ಲಿ, ಆಗಿನ ಅಹಮದನಗರ ಜಿಲ್ಲೆಯ ಮುಳಾ-ಪ್ರವರಾ ಸಂಘ ದಶಕಗಟ್ಟಲೆ ಕರೆಂಟು ಹಂಚಿ, ಬಾಕಿಯಲ್ಲಿ ಮುಳುಗಿ, 2011ರಲ್ಲಿ ಲೈಸೆನ್ಸು ಕಳೆದುಕೊಂಡಿತು.

ಬ್ರಿಟನ್ನಿನ ಅನುಭವ ವಿದ್ಯುತ್ತಿನದಲ್ಲ, ಮನೆಗಳದು. ಆದರೆ ಪಾಠ ಅದೇ. 1996ರಲ್ಲಿ ಅಲ್ಲಿನ ರಕ್ಷಣಾ ಇಲಾಖೆ ಸೈನಿಕರ 57,000ಕ್ಕೂ ಹೆಚ್ಚು ಮನೆಗಳನ್ನು ಸುಮಾರು 166 ಕೋಟಿ ಪೌಂಡಿಗೆ ಅನಿಂಗ್ಟನ್ ಎಂಬ ಕಂಪನಿಗೆ ಮಾರಿ, ಅವೇ ಮನೆಗಳನ್ನು 200 ವರ್ಷದ ಕರಾರಿನ ಮೇಲೆ ಬಾಡಿಗೆಗೆ ಪಡೆಯಿತು. 2025ರ ಜನವರಿಯಲ್ಲಿ, ಉಳಿದಿದ್ದ 36,000ದಷ್ಟು ಮನೆಗಳನ್ನು ಹತ್ತಿರ ಹತ್ತಿರ 600 ಕೋಟಿ ಪೌಂಡು ಕೊಟ್ಟು ಮರಳಿ ಕೊಂಡಿತು. ಮನೆ ಮಾರಿ ಅದೇ ಮನೆಗೆ ಬಾಡಿಗೆಗೆ ಹೋದ ಕಥೆ ನಮ್ಮ ಹಳ್ಳಿಗಳಲ್ಲೂ ಇದೆ; ಅದನ್ನು ಸುಧಾರಣೆ ಎಂದು ಮಾತ್ರ ಯಾರೂ ಕರೆದಿಲ್ಲ.

ಭಾರತಕ್ಕೆ ಬರೋಣ. 2002ರ ಜುಲೈ 1ರಂದು ದಿಲ್ಲಿ ವಿದ್ಯುತ್ ಮಂಡಳಿಯನ್ನು ಒಡೆದು ವಿತರಣೆಯನ್ನು ಖಾಸಗಿ ಕೈಗೆ ಕೊಟ್ಟರು. ರಾಜಧಾನಿಯ ಬಹುಪಾಲು ಟಾಟಾ ಮತ್ತು ಬಿ.ಎಸ್.ಇ.ಎಸ್. ಕಂಪನಿಗಳ ಪಾಲಾಯಿತು. ಹೊರಗುಳಿದದ್ದು ಎರಡೇ ತುಂಡು: ಮಂತ್ರಿಗಳು, ನ್ಯಾಯಮೂರ್ತಿಗಳು ವಾಸಿಸುವ ಹೊಸದಿಲ್ಲಿಯ ಮುನಿಸಿಪಲ್ ಪ್ರದೇಶ ಮತ್ತು ದಿಲ್ಲಿ ಕಂಟೋನ್ಮೆಂಟು. ಕಂಟೋನ್ಮೆಂಟಿಗೆ ವಿತರಕ ಎಂ.ಇ.ಎಸ್. ಇಲಾಖೆಯೇ. ಊರಿಗೆಲ್ಲ ಒಳ್ಳೆಯದೆಂದು ಹೇಳಿದ ಮದ್ದನ್ನು ಆಳುವವರೂ ಸೈನ್ಯವೂ ತಾವು ಕುಡಿಯಲಿಲ್ಲ ಎಂಬುದನ್ನು ಬರೆದಿಟ್ಟುಕೊಳ್ಳಬೇಕು.

ಮರುವರ್ಷ ಬಂದ 2003ರ ವಿದ್ಯುತ್ ಕಾಯಿದೆ ಇನ್ನೊಂದು ದಾರಿ ತೆರೆಯಿತು. ಅದರ 14ನೇ ಕಲಮಿನ ಪ್ರಕಾರ ಸರ್ಕಾರವೇ ವಿದ್ಯುತ್ತು ಹಂಚುತ್ತಿದ್ದರೆ ಅದಕ್ಕೆ ಬೇರೆ ಲೈಸೆನ್ಸು ಬೇಡ, ಲೈಸೆನ್ಸುದಾರನೆಂದೇ ಭಾವಿಸಬೇಕು. ಇದನ್ನು ಹಿಡಿದು ಎಂ.ಇ.ಎಸ್. ಕೆಲವು ರಾಜ್ಯಗಳ ವಿದ್ಯುತ್ ನಿಯಂತ್ರಣ ಆಯೋಗಗಳ ಮುಂದೆ ಹೋಯಿತು. ಕೇರಳದಂಥ ಕಡೆ ಆ ಸ್ಥಾನವೂ ಸಿಕ್ಕಿದೆ. ಸಿಕ್ಕರೆ ಲಾಭವೇನು? ಊರಿನ ಕಂಪನಿ ಹೇಳಿದ ದರಕ್ಕೆ ತಲೆಬಾಗದೆ ಉತ್ಪಾದಕರಿಂದ ನೇರ ಕೊಳ್ಳಬಹುದು. ರೈಲ್ವೆ ಇದನ್ನೇ ಮಾಡಿತು. 2015ರಲ್ಲಿ ಮಹಾರಾಷ್ಟ್ರದ ರೈಲುಗಳಿಗೆ ದಾಭೋಳದ ಅನಿಲ ಸ್ಥಾವರದಿಂದ ನೇರವಾಗಿ ವಿದ್ಯುತ್ತು ತರಿಸಿತು. ಎನ್‌ರಾನ್ ಎಂಬ ಅಮೆರಿಕದ ಕಂಪನಿ ಕಟ್ಟಿದ ಆ ಸ್ಥಾವರ ನಿಮಗೆ ಮರೆತಿರಲಾರದು; 1993ರ ಕರಾರು, ಡಾಲರ್ ಲೆಕ್ಕದ ಬಿಲ್ಲು, 2001ರಲ್ಲಿ ಬಾಗಿಲು. ರೈಲ್ವೆಯ ಈ ಸ್ಥಾನಮಾನದ ಜಗಳ ಮುಂದೆ ನ್ಯಾಯಮಂಡಳಿಯವರೆಗೂ ಹೋಯಿತು, ಏಕೆಂದರೆ ದೊಡ್ಡ ಗ್ರಾಹಕ ಕೈತಪ್ಪಿದರೆ ಉಳಿದವರ ರಿಯಾಯಿತಿಗೆ ಹಣ ಕೊಡುವವರಾರು ಎಂಬುದು ವಿತರಣಾ ಕಂಪನಿಗಳ ಚಿಂತೆ. ಅದು ಪುಕ್ಕಟೆ ಚಿಂತೆಯಲ್ಲ.

ಇನ್ನು ನಾನು ಮುಖ್ಯವೆಂದುಕೊಂಡ ಎರಡು ಘಟನೆಗಳು. 2021ರ ಡಿಸೆಂಬರ್. ಜಮ್ಮು ಕಾಶ್ಮೀರದ ವಿದ್ಯುತ್ ನೌಕರರು, ತಮ್ಮ ಸಂಸ್ಥೆಯ ಆಸ್ತಿ ಪವರ್ ಗ್ರಿಡ್ ಜೊತೆಗಿನ ಜಂಟಿ ಕಂಪನಿಗೆ ಹೋಗುವುದನ್ನು ವಿರೋಧಿಸಿ ಮುಷ್ಕರ ಹೂಡಿದರು. ಕೊರೆಯುವ ಚಳಿಯಲ್ಲಿ ಊರೂರು ಕತ್ತಲಾಯಿತು. ಆಡಳಿತ ನೆರವು ಕೋರಿ ಸೈನ್ಯಕ್ಕೆ ಪತ್ರ ಬರೆಯಿತು. ಎರಡು ತಿಂಗಳಿಗೆ, 2022ರ ಫೆಬ್ರವರಿ 22ರಿಂದ, ಚಂಡೀಗಢ. ವಿತರಣೆಯ ಖಾಸಗೀಕರಣ ಬೇಡವೆಂದು ಮೂರು ದಿನದ ಮುಷ್ಕರ ಶುರುವಾಯಿತು. ಕೆಲವು ಬಡಾವಣೆಗಳಲ್ಲಿ 36 ಗಂಟೆ ದಾಟಿ ಕರೆಂಟಿಲ್ಲ, ಪಂಪು ನಡೆಯದೆ ನೀರಿಲ್ಲ, ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆ ಮುಂದಕ್ಕೆ. ಹೈಕೋರ್ಟು ತಾನಾಗಿಯೇ ಕೈಹಾಕಿತು. ಆಗಲೂ ಕರೆ ಹೋದದ್ದು ಸೈನ್ಯಕ್ಕೆ, ಬಂದದ್ದು ಎಂ.ಇ.ಎಸ್. ಸಿಬ್ಬಂದಿ. ಬಂದೂಕು ಹಿಡಿದು ಬಂದದ್ದಲ್ಲ, ಟೆಸ್ಟರು ಹಿಡಿದು ಬಂದು ಸಬ್‌ಸ್ಟೇಷನ್ನುಗಳನ್ನು ಒಂದೊಂದಾಗಿ ಚಾಲೂ ಮಾಡಿದರು. ಚಂಡೀಗಢದ ವಿತರಣೆ 2025ರ ಫೆಬ್ರವರಿಯಲ್ಲಿ ಖಾಸಗಿ ಕಂಪನಿಯ ಕೈ ಸೇರಿತು.

ಮುಷ್ಕರ ಮಾಡಿದ ನೌಕರರ ಬಗ್ಗೆ ನನಗೆ ಸಿಟ್ಟಿಲ್ಲ, ಅವರ ಭಯ ನಿಜ. 2023ರ ಜನವರಿ 4ರಂದು ನಮ್ಮ ಮಹಾವಿತರಣದವರೂ ತಮ್ಮ ಪ್ರದೇಶದಲ್ಲೇ ಖಾಸಗಿ ಕಂಪನಿಗೆ ಸಮಾನಾಂತರ ಲೈಸೆನ್ಸು ಕೊಡುವುದರ ವಿರುದ್ಧ ಕೆಲಸ ನಿಲ್ಲಿಸಿದ್ದರು. ಅದೇ ದಿನ ಮಾತುಕತೆಯಾಗಿ ಮುಗಿಯಿತು. ನಾನು ತೋರಿಸಬೇಕೆಂದಿರುವುದು ಬೇರೆ. ಊರಿನ ವಿದ್ಯುತ್ತನ್ನು ಬೇರೆ ಕೈಗೆ ಕೊಡಹೊರಟ ಸರ್ಕಾರ, ಕೆಲಸ ಕೆಟ್ಟಾಗ ಕೈಚಾಚಿದ್ದು ಸೈನ್ಯದ ಸ್ವಂತ ಎಲೆಕ್ಟ್ರಿಷಿಯನ್ನುಗಳ ಕಡೆಗೆ. ದಂಡಿನೊಳಗಿನ ಜಾಲವೂ ಗುತ್ತಿಗೆಗೆ ಹೋಗಿ, ಒಳಗೂ ಹೊರಗೂ ಒಬ್ಬನೇ ಗುತ್ತಿಗೆದಾರನಿದ್ದರೆ, ಅಂಥ ದಿನ ಯಾರಿಗೆ ಪತ್ರ ಬರೆಯುತ್ತಾರೆ?

‘ನಮ್ಮಲ್ಲಿ ಯಾರೂ ದಂಡಿನ ಜಾಲ ಮಾರುತ್ತಿಲ್ಲವಲ್ಲ’ ಎನ್ನಬಹುದು. ನಿಜ, ಮಾರುತ್ತಿಲ್ಲ. ನಮ್ಮ ಪದ್ಧತಿ ಬೇರೆ: ಖಾಲಿ ಬಿದ್ದ ಹುದ್ದೆಯನ್ನು ತುಂಬುವುದಿಲ್ಲ, ಆಮೇಲೆ ಖಾಲಿಯಿದೆ ಎಂಬ ಕಾರಣಕ್ಕೆ ಅದನ್ನು ರದ್ದು ಮಾಡುತ್ತಾರೆ. 2020ರ ಮೇ ತಿಂಗಳಲ್ಲಿ, ರಕ್ಷಣಾ ಖರ್ಚನ್ನು ಪರಿಶೀಲಿಸಿದ್ದ ಶೇಕಟ್ಕರ್ ಸಮಿತಿಯ ಶಿಫಾರಸಿನಂತೆ, ಎಂ.ಇ.ಎಸ್.ನ ಕಾರ್ಮಿಕ ವರ್ಗದಲ್ಲಿ ಖಾಲಿಯಿದ್ದ 13,157 ಹುದ್ದೆಗಳ ಪೈಕಿ 9,304ನ್ನು ರದ್ದು ಮಾಡಲು ರಕ್ಷಣಾ ಸಚಿವರು ಒಪ್ಪಿದರು. ಸ್ವಲ್ಪ ಕೆಲಸ ಇಲಾಖೆಯ ನೌಕರರಿಂದ, ಉಳಿದದ್ದು ಹೊರಗಿನವರಿಂದ ಎಂಬುದು ಸಮಿತಿಯ ಧೋರಣೆ. ಸಂಸತ್ತಿನಲ್ಲಿ ಗಲಾಟೆಯಿಲ್ಲ, ಟಿ.ವಿ.ಯಲ್ಲಿ ಚರ್ಚೆಯಿಲ್ಲ. ಸಬ್‌ಸ್ಟೇಷನ್ ನಡೆಸುವುದಕ್ಕೆ ವರ್ಷಾವಧಿ ಟೆಂಡರು ಕರೆಯುತ್ತಾರೆ. ಕಡಿಮೆ ದರ ಬರೆದವನಿಗೆ ಕೆಲಸ. ಅವನ ಹುಡುಗರು ಮುಂದಿನ ಏಪ್ರಿಲ್ಲಿಗೆ ಇನ್ನೆಲ್ಲೋ. ಮಾರಾಟದಲ್ಲಾದರೆ ಕೊಂಡವನಿಗೆ 50 ವರ್ಷದವರೆಗಿನ ಹೊಣೆಯಿರುತ್ತದೆ. ಇಲ್ಲಿ ಆಸ್ತಿ ಸರ್ಕಾರದ್ದೇ, ಹೊಣೆ ಮಾತ್ರ ಯಾರದೂ ಅಲ್ಲ. ನನ್ನನ್ನು ಕೇಳಿದರೆ ಅಮೆರಿಕದ ಮಾರಾಟಕ್ಕಿಂತ ಇದು ಕೆಟ್ಟದ್ದು. ಮರದ ಬೇರಿನಡಿಯ ಜಾಯಿಂಟನ್ನು ಒಂದು ವರ್ಷದಲ್ಲಿ ಯಾವ ಹುಡುಗ ಕಲಿಯುತ್ತಾನೆ?

ಹಾಗೆಂದು ಎಂ.ಇ.ಎಸ್. ಈಗಿರುವಂತೆಯೇ ಇರಲಿ ಎನ್ನುವವನಲ್ಲ ನಾನು. ಅಲ್ಲಿನ ಬಲ್ಬು ಬದಲಿಸುವ ದೂರಿನ ಪುಸ್ತಕದ ಬಗ್ಗೆ ಸೈನಿಕರ ಮನೆಯ ಹೆಂಗಸರನ್ನು ಕೇಳಿ ನೋಡಿ, ಸಂಜೆಯಾಗುತ್ತದೆ. ಬೇಕಾದದ್ದಕ್ಕಿಂತ ಹೆಚ್ಚು ಲೋಡಿಗೆ ಕರಾರು ಮಾಡಿಕೊಂಡು ಅನಗತ್ಯ ಶುಲ್ಕ ಕಟ್ಟಿದ್ದರ ಬಗ್ಗೆ ಸಿ.ಎ.ಜಿ. ವರದಿಗಳಲ್ಲಿ ಆಗಾಗ ಟೀಕೆ ಬಂದಿದೆ. ಗೇಟಿನ ಮೀಟರಿಗೂ ಮನೆಯ ಮೀಟರಿಗೂ ನಡುವೆ ಎಷ್ಟು ಯೂನಿಟ್ಟು ಸೋರುತ್ತದೆ ಎಂಬುದು ಸಾರ್ವಜನಿಕರ ಕಣ್ಣಿಗೆ ಬೀಳುವುದೇ ಇಲ್ಲ. ಖಾಸಗಿಯವರು ಇದನ್ನು ಸರಿಪಡಿಸಬಲ್ಲರೆಂಬುದಕ್ಕೆ ಭಿವಂಡಿ ಸಾಕ್ಷಿ: 2007ರ ಜನವರಿಯಲ್ಲಿ ಟೊರೆಂಟ್ ಕಂಪನಿ ಫ್ರಾಂಚೈಸಿಯಾಗಿ ಬಂದಾಗ ಆ ಮಗ್ಗದೂರಿನಲ್ಲಿ ಅರ್ಧಕ್ಕಿಂತ ಹೆಚ್ಚು ವಿದ್ಯುತ್ತಿನ ಹಣ ಬರುತ್ತಿರಲಿಲ್ಲ, ಕೆಲವೇ ವರ್ಷಗಳಲ್ಲಿ ನಷ್ಟ ಗಣನೀಯವಾಗಿ ಇಳಿಯಿತು. ಇದೇ ಮಾದರಿ ಆಗಿನ ಔರಂಗಾಬಾದಿನಲ್ಲಿ 2014ಕ್ಕೆ, ನಾಗಪುರದಲ್ಲಿ 2019ಕ್ಕೆ ಮುರಿದುಬಿದ್ದು ಜಾಲ ಮಹಾವಿತರಣಕ್ಕೇ ಮರಳಿತು ಎಂಬುದನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಊರಿನಲ್ಲಿ ಹಾಗೆ ಮರಳಿ ಬಂದಾಗ ನೋಡಿಕೊಳ್ಳಲು ಮಹಾವಿತರಣ ಇತ್ತು. ದಂಡಿನಲ್ಲಿ, 9,304 ಹುದ್ದೆ ಕಳೆದ ಮೇಲೆ, ಯಾರಿರುತ್ತಾರೆ?

ಪುಣೆಯೇ ಇನ್ನೊಂದು ಬಗೆಯನ್ನು ತೋರಿಸಿದ್ದಿದೆ. 2006ರಲ್ಲಿ ರಾಜ್ಯವೆಲ್ಲ ಲೋಡ್‌ಶೆಡ್ಡಿಂಗಿನಲ್ಲಿ ಬೇಯುತ್ತಿದ್ದಾಗ ಇಲ್ಲಿನ ಕಾರ್ಖಾನೆಗಳು ತಮ್ಮ ಜನರೇಟರು ನಡೆಸಿಕೊಂಡು ಗ್ರಿಡ್ಡಿನ ಪಾಲನ್ನು ಊರಿಗೆ ಬಿಟ್ಟುಕೊಟ್ಟವು. ಅದರ ಹೆಚ್ಚಿನ ಖರ್ಚನ್ನು ಗ್ರಾಹಕರು ಬಿಲ್ಲಿನಲ್ಲಿ ಕಟ್ಟಿದರು, ರಾಜ್ಯದ ವಿದ್ಯುತ್ ಆಯೋಗ ಬಹಿರಂಗ ವಿಚಾರಣೆ ಮಾಡಿ ಒಪ್ಪಿತು. ಯಾರೂ ಏನನ್ನೂ ಮಾರಲಿಲ್ಲ. ಖಾಸಗಿಯವರಿಂದ ಯೂನಿಟ್ಟು ಪಡೆದರು, ಜಾಲ ಸಾರ್ವಜನಿಕವಾಗಿಯೇ ಉಳಿಯಿತು, ಲೆಕ್ಕ ಎಲ್ಲರ ಮುಂದಿತ್ತು. ದಂಡಿಗೂ ನಾನು ಬಯಸುವುದು ಹೆಚ್ಚುಕಡಿಮೆ ಇದನ್ನೇ. ಸೂರ್ಯನ ಶಕ್ತಿಯೋ ಗಾಳಿಯದೋ, ಅಗ್ಗಕ್ಕೆ ಯಾರು ಕೊಟ್ಟರೂ ಕೊಳ್ಳಲಿ. ದಾಪೋಡಿಯ ಮಿಲಿಟರಿ ಎಂಜಿನಿಯರಿಂಗ್ ಕಾಲೇಜಿನಲ್ಲಿ 5 ಮೆಗಾವ್ಯಾಟಿನ ಸೌರ ಸ್ಥಾವರ ಆಗಲೇ ಇದೆ. ಹೊಸ ಮೀಟರು ಕೂರಿಸುವುದನ್ನು ಗುತ್ತಿಗೆ ಕೊಡಲಿ. ಆದರೆ ಸ್ವಿಚ್ಚಿನ ಮೇಲಿನ ಕೈ ಇಲಾಖೆಯದೇ ಇರಲಿ, ಅದಕ್ಕೆ ಬೇಕಾದ ಹುದ್ದೆಗಳನ್ನು ತುಂಬಲಿ.

ಕೊನೆಯದಾಗಿ ನಮ್ಮ ಬಾಗಿಲಿಗೇ ಬಂದ ಸಂಗತಿ. ಕಂಟೋನ್ಮೆಂಟುಗಳ ನಾಗರಿಕ ಪ್ರದೇಶವನ್ನು ಬಿಡಿಸಿ ಪಕ್ಕದ ನಗರಾಡಳಿತಕ್ಕೆ ಸೇರಿಸುವುದು ಕೇಂದ್ರದ ನೀತಿ. 2023ರ ಏಪ್ರಿಲ್ಲಿನಲ್ಲಿ ಹಿಮಾಚಲದ ಖಾಸ್ ಯೋಲ್‌ನಿಂದ ಅದು ಶುರುವಾಯಿತು. ಪುಣೆ, ಖಡಕಿ, ನಮ್ಮ ಬೆಳಗಾವಿ ಎಲ್ಲ ಈ ಪಟ್ಟಿಯ ಮಾತಿನಲ್ಲಿವೆ. ಪತ್ರಿಕೆಗಳು ಆಸ್ತಿ ತೆರಿಗೆ, ಕಟ್ಟಡದ ಎತ್ತರ, ಶಾಲೆ, ಆಸ್ಪತ್ರೆಗಳ ಬಗ್ಗೆ ಬರೆಯುತ್ತವೆ. ನೂರಿನ್ನೂರು ವರ್ಷ ಒಟ್ಟಿಗೆ ಬೆಳೆದ ಬಜಾರು ಮತ್ತು ಬ್ಯಾರಕ್ಕುಗಳ ನಡುವೆ ಗೆರೆ ಎಳೆಯುವಾಗ ಯಾವ ಫೀಡರು ಯಾರ ಪಾಲಿಗೆ, ಯಾವ ಪಂಪ್‌ಹೌಸಿಗೆ ಯಾರ ಲೈನು, ಬೀದಿದೀಪದ ಬಿಲ್ಲು ಯಾರ ತಲೆಗೆ ಎಂಬುದನ್ನು ಯಾರೂ ಬರೆದದ್ದು ನಾನು ಕಂಡಿಲ್ಲ. ಮಹಾನಗರಪಾಲಿಕೆಯ ಸಭೆಗೆ ಹೋಗುವವರು ಇಲ್ಲಿ ಕೆಲವರಿದ್ದೀರಿ. ಆ ಫೀಡರುಗಳ ನಕ್ಷೆಯನ್ನು ಮೊದಲು ಕೇಳಿ ಪಡೆಯಿರಿ, ಟೆಂಡರಿನ ಮಾತು ಅದರ ಮೇಲೆ ಬರಲಿ.